ಹಳೆಯ ಮಹಾಭಾರತ ನಿಧಾನ ಅಂತಾಳೆ ಮಗಳು, ಹೌದಾ?

ಪ್ರಶ್ನೆ: ನನಗೀಗ ನಲವತ್ತೇಳು. ತಿಪಟೂರು ಕಡೆಯ ಹಳ್ಳಿಯಲ್ಲಿ ಬೆಳೆದವನು. ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ ಬರುತ್ತಿದ್ದಾಗ ಊರಿಗೆ ಒಂದೇ ಟೀವಿ. ಆ ಮನೆಯ ನಡುಮನೆಯಲ್ಲಿ ಕೂತು ನೋಡಿದ್ದೇನೆ. ನನ್ನ ಮಗಳು 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದ ಹೊಸ ಮಹಾಭಾರತ ನೋಡಿದವಳು. ಹೋದ ತಿಂಗಳು ಹಳೆಯದನ್ನು ಹಾಕಿ ತೋರಿಸಿದೆ. ಹದಿನೈದು ನಿಮಿಷಕ್ಕೆ ‘ಅಪ್ಪಾ, ಎಷ್ಟು ನಿಧಾನ! ಒಳ್ಳೆ ಊರ ನಾಟಕದ ಥರ ಇದೆ’ ಅಂದು ಎದ್ದು ಹೋದಳು. ನನಗೋ ಹೊಸದರ ಮುಂದೆ ಐದು ನಿಮಿಷ ಕೂರಲು ಆಗುವುದಿಲ್ಲ. ಹಳೆಯದು ನಿಜವಾಗಿಯೂ ಚೆನ್ನಾಗಿದೆಯಾ, ಇಲ್ಲಾ ಇದು ನನ್ನ ಬಾಲ್ಯದ ಮೋಹವಾ? ಅವಳಿಗೆ ಹಳೆಯದನ್ನು ತೋರಿಸಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ಲೆಕ್ಕ ಮಾಡೋಣ. ಚೋಪ್ರಾ ಮಹಾಭಾರತ 1988ರ ಅಕ್ಟೋಬರ್ 2ರಂದು ಶುರುವಾಗಿ 1990ರ ನಡುಭಾಗದವರೆಗೆ ನಡೆಯಿತು. ಒಟ್ಟು 94 ಕಂತು. ಒಂದೊಂದೂ ಸುಮಾರು ಮುಕ್ಕಾಲು ಗಂಟೆ. ಅಂದರೆ ಹೆಚ್ಚುಕಡಿಮೆ 70 ಗಂಟೆ. ನಿಮ್ಮ ಮಗಳು ನೋಡಿದ್ದು ಸ್ಟಾರ್ ಪ್ಲಸ್‌ನವರು 2013ರ ಸೆಪ್ಟೆಂಬರ್‌ನಿಂದ 2014ರ ಆಗಸ್ಟ್‌ವರೆಗೆ ಹಿಂದಿಯಲ್ಲಿ ತೋರಿಸಿದ್ದರ ಕನ್ನಡ ರೂಪ. ಹಿಂದಿಯಲ್ಲಿ ಅದು 267 ಕಂತು. ಜಾಹೀರಾತು ಕಳೆದರೆ ಒಂದೊಂದು ಇಪ್ಪತ್ತು ನಿಮಿಷದ ಆಸುಪಾಸು. ಒಟ್ಟು 90 ಗಂಟೆ ಹತ್ತಿರ ಆಯಿತು. ಕಥೆ ಎರಡರಲ್ಲೂ ಅದೇ. ಹಸ್ತಿನಾಪುರದಿಂದ ಕುರುಕ್ಷೇತ್ರಕ್ಕೆ ಬೇಗ ಮುಟ್ಟಿಸಿದ್ದು ಹಳೆಯದು!

ಆದರೆ ಈ ಲೆಕ್ಕ ಹಿಡಿದು ಮಗಳ ಹತ್ತಿರ ವಾದಕ್ಕೆ ಹೋಗಬೇಡಿ. ಅವಳಿಗೆ ಅನಿಸಿದ್ದು ಸುಳ್ಳಲ್ಲ. ಕಥೆ ಓಡುವ ವೇಗ ಬೇರೆ, ಶಾಟ್ ಬದಲಾಗುವ ವೇಗ ಬೇರೆ. ಹೊಸದರಲ್ಲಿ ಕಥೆ ಎತ್ತಿನ ಗಾಡಿ, ಶಾಟ್‌ಗಳು ಮೋಟರ್ ಬೈಕು. ಹಳೆಯದರಲ್ಲಿ ಇದು ಉಲ್ಟಾ. ಕಣ್ಣು ಯಾವುದಕ್ಕೆ ಒಗ್ಗಿರುತ್ತದೋ ಅದೇ ವೇಗ ಅನಿಸುತ್ತದೆ.

ನಾನು ಧಾರಾವಾಹಿಗಳ ಎಡಿಟಿಂಗ್ ಮಾಡಿಕೊಂಡು ಹತ್ತೊಂಬತ್ತು ವರ್ಷ ಕಳೆದವನು, ಹಾಗಾಗಿ ಇದರ ಒಳಗುಟ್ಟು ಸ್ವಲ್ಪ ಗೊತ್ತು. ದಿನಾ ಬರುವ ಧಾರಾವಾಹಿಯಲ್ಲಿ ಒಬ್ಬರು ಒಂದು ಮಾತು ಹೇಳಿದರೆ ಆ ಕೋಣೆಯಲ್ಲಿ ಇರುವವರ ಮುಖವನ್ನೆಲ್ಲ ಒಂದೊಂದಾಗಿ ತೋರಿಸಬೇಕು. ನಾವು ಅದಕ್ಕೆ ರಿಯಾಕ್ಷನ್ ಅಂತೀವಿ. ಐದು ಜನ ಇದ್ದರೆ ಐದು ರಿಯಾಕ್ಷನ್, ಐದು ಸದ್ದು. ಕಥೆ ಒಂದು ಇಂಚೂ ಮುಂದೆ ಹೋಗಿರುವುದಿಲ್ಲ, ಅಷ್ಟರಲ್ಲಿ ಅರ್ಧ ನಿಮಿಷ ಖರ್ಚಾಗಿರುತ್ತದೆ. ಒಂದು ಸಲ ಒಂದು ಚಾನೆಲ್‌ನಿಂದ ನನಗೆ ಫೋನ್ ಬಂತು. ‘ಸರ್, ಅತ್ತೆ ಆ ಮಾತು ಹೇಳಿದ ಮೇಲೆ ನಾಲ್ಕು ಸೆಕೆಂಡ್ ಖಾಲಿ ಇದೆ, ಏನಾದ್ರೂ ಹಾಕಿ.’ ಅದು ಖಾಲಿ ಇರಲಿಲ್ಲ. ಸೊಸೆ ಪಾತ್ರದ ಹುಡುಗಿ ಮಾತು ಕೇಳಿ ಕಣ್ಣು ಕೆಳಗೆ ಮಾಡಿ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡ ನಾಲ್ಕು ಸೆಕೆಂಡ್ ಅದು. ಇಡೀ ಕಂತಿನಲ್ಲಿ ನನಗೆ ಇಷ್ಟವಾಗಿದ್ದೇ ಅದು. ಹೊಟ್ಟೆಪಾಡು, ತೆಗೆದೆ. ಮೂರು ಮುಖ ಹಾಕಿದೆ, ಢಂ ಅಂತ ಒಂದು ಸದ್ದು ಹಾಕಿದೆ.

ಹಳೆಯ ಮಹಾಭಾರತದ ತುಂಬ ಇಂಥ ‘ಖಾಲಿ’ ಸೆಕೆಂಡ್‌ಗಳಿವೆ. ನಿಮ್ಮ ಮಗಳು ಎದ್ದುಹೋಗಿದ್ದು ಅಂಥ ಒಂದು ಜಾಗದಲ್ಲೇ ಇರಬೇಕು.

ಇದು ನಿರ್ದೇಶಕರ ಒಳ್ಳೆಯತನ, ಕೆಟ್ಟತನದ ಪ್ರಶ್ನೆಯೂ ಅಲ್ಲ. ಹಳೆಯದು ವಾರಕ್ಕೊಂದು ದಿನ, ಭಾನುವಾರ ಬೆಳಿಗ್ಗೆ. ಜಾಹೀರಾತುಗಳ ದೊಡ್ಡ ಮೆರವಣಿಗೆ ಮುಗಿದ ಮೇಲೆ ಶುರು. ನೋಡುವವರಿಗೆ ಬೇರೆ ಚಾನೆಲ್ ಇರಲಿಲ್ಲ, ಕೈಯಲ್ಲಿ ರಿಮೋಟೂ ಇರಲಿಲ್ಲ. ಹೊಸದು ವಾರದ ದಿನಗಳಲ್ಲಿ ರಾತ್ರಿ ಊಟದ ಹೊತ್ತಿಗೆ, ನಡುನಡುವೆ ಬ್ರೇಕ್. ಪ್ರತಿ ಬ್ರೇಕ್‌ಗೂ ಮುಂಚೆ ಒಂದು ಕೊಕ್ಕೆ ಹಾಕಬೇಕು, ಇಲ್ಲದಿದ್ದರೆ ಜನ ಪಕ್ಕದ ಚಾನೆಲ್‌ಗೆ ಹೋಗುತ್ತಾರೆ. ಕೊಕ್ಕೆ ಅಂದರೆ ಯಾರೋ ಬಾಗಿಲಲ್ಲಿ ನಿಂತಿರುವುದು, ಯಾರೋ ಕತ್ತಿಗೆ ಕೈ ಹಾಕುವುದು. ಇಪ್ಪತ್ತು ನಿಮಿಷದಲ್ಲಿ ಹೀಗೆ ಎರಡು ಮೂರು ಸಲ ಆಗಬೇಕು. ವ್ಯಾಸರೇ ಬಂದು ಬರೆದರೂ ಅವರನ್ನು ಕೂರಿಸಿ ‘ಗುರುಗಳೇ, ಇಲ್ಲೊಂದು ಹುಕ್ ಬೇಕು’ ಅನ್ನುತ್ತಿದ್ದರು.

ಈಗ ನಿಮ್ಮ ಬಾಲ್ಯದ ಮೋಹದ ವಿಷಯಕ್ಕೆ ಬರುತ್ತೇನೆ. ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1989ರಲ್ಲಿ, ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ, ಹನ್ನೊಂದು ವರ್ಷದ ನಿಮಗೆ ಎಷ್ಟು ಹಿಂದಿ ಬರುತ್ತಿತ್ತು?

ನನಗೆ ಒಂದಕ್ಷರ ಬರುತ್ತಿರಲಿಲ್ಲ. ನಾನು ಬೆಳೆದದ್ದು ಮಂಡ್ಯ ಕಡೆ. ನಮ್ಮ ಬೀದಿಯಲ್ಲಿ ಡಯನೋರಾ ಟೀವಿ ಇದ್ದದ್ದು ಸೊಸೈಟಿ ಸೆಕ್ರೆಟರಿ ಮನೆಯಲ್ಲಿ. ಹಂಚಿನ ಮೇಲೆ ಒಬ್ಬ ಹುಡುಗ ಆಂಟೆನಾ ತಿರುಗಿಸುತ್ತಾ ‘ಬಂತಾ? ಬಂತಾ?’ ಅನ್ನುತ್ತಿದ್ದ, ಒಳಗಿನಿಂದ ಇಪ್ಪತ್ತು ಜನ ‘ಬಂತು, ಹೋಯ್ತು, ಬಂತು, ಅಲ್ಲೇ ಬಿಡು’ ಅನ್ನುತ್ತಿದ್ದರು. ನಡುವೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ (ಅಡಚಣೆಗೆ ವಿಷಾದಿಸುತ್ತೇವೆ) ಅಂತ ಬೋರ್ಡ್ ಬಂದರೆ ಅದನ್ನೂ ಭಕ್ತಿಯಿಂದಲೇ ನೋಡುತ್ತಿದ್ದೆವು. ಆ ಮನೆಯಲ್ಲಿ ಒಬ್ಬ ಅಜ್ಜಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಪರದೆ ಮೇಲೆ ಹಿಂದಿಯಲ್ಲಿ ಯಾರೋ ಏನೋ ಹೇಳಿದ ತಕ್ಷಣ ಅಜ್ಜಿ ಕನ್ನಡದಲ್ಲಿ ಹೇಳುತ್ತಿದ್ದರು. ‘ಇವನೇ ಕಣೋ ವಿದುರ. ಬೇಡಪ್ಪ ಜೂಜು ಬೇಡ ಅಂತ ಹೇಳ್ತಾ ಅವ್ನೆ. ಅವ್ರೆಲ್ಲಿ ಕೇಳ್ತಾರೆ.’ ಅಜ್ಜಿಗೂ ಹಿಂದಿ ಬರುತ್ತಿರಲಿಲ್ಲ. ಕಥೆ ಗೊತ್ತಿತ್ತು, ಅಷ್ಟೆ.

ನಿಮ್ಮ ಮಗಳು ‘ಊರ ನಾಟಕದ ಥರ’ ಅಂದಳಲ್ಲ, ಬೈಗುಳ ಅಂತ ತಿಳಿಯಬೇಡಿ. ಸರಿಯಾಗೇ ಗುರುತಿಸಿದ್ದಾಳೆ. ನಿಮ್ಮ ಕಡೆ, ನಮ್ಮ ಕಡೆ ಊರ ಹಬ್ಬಕ್ಕೆ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಬಾಡಿಗೆಗೆ ತಂದ ಕಿರೀಟ, ಸೀನರಿ ಪರದೆ, ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಪಾತ್ರಧಾರಿ ಬಂದು ನಿಂತು, ತಾನು ಯಾರು ಅಂತ ಹೇಳಿ, ಹಾಡಿ, ಮಾತಾಡಿ, ಮತ್ತೆ ಹಾಡಿ ಹೋಗಬೇಕು. ಅಲ್ಲಿ ಯಾರೂ ‘ಮುಂದೇನಾಗುತ್ತೆ’ ಅಂತ ಕೂತಿರುವುದಿಲ್ಲ. ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಈ ವರ್ಷದ ದುರ್ಯೋಧನ ಹೇಗೆ ಮಾಡುತ್ತಾನೆ ಅಂತ ನೋಡಲು ಕೂತಿರುತ್ತಾರೆ. ಚೋಪ್ರಾ ಅವರ ಧಾರಾವಾಹಿ ಇದೇ ಜಾತಿಯದು, ಉತ್ತರದ ರಾಮಲೀಲೆ, ಪಾರ್ಸಿ ರಂಗಭೂಮಿಯ ಕಡೆಯಿಂದ ಬಂದದ್ದು. ಕಥೆ ಗೊತ್ತಿರುವವರಿಗೆ ಅದನ್ನು ನೆನಪು ಮಾಡಿಕೊಡುವ ಆಟ. ಹಾಗಾಗಿ ಅದಕ್ಕೆ ಅವಸರ ಇಲ್ಲ.

ನಿಮ್ಮ ಮಗಳಿಗೆ 2020ರಲ್ಲಿ ಪಕ್ಕದಲ್ಲಿ ಆ ಅಜ್ಜಿ ಇರಲಿಲ್ಲ. ಅವಳ ಪಾಲಿಗೆ ಧಾರಾವಾಹಿಯೇ ಅಜ್ಜಿ. ಹೊಸ ಮಹಾಭಾರತ ಮಾಡಿದ ಸ್ವಸ್ತಿಕ್ ಪ್ರೊಡಕ್ಷನ್ಸ್‌ನ ಸಿದ್ಧಾರ್ಥ್ ಕುಮಾರ್ ತಿವಾರಿ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಬಂದಿದ್ದು ಇಲ್ಲಿಂದ ಅಂತ ನನ್ನ ಅನಿಸಿಕೆ. ಗ್ರಾಫಿಕ್ಸ್, ಒಡವೆ, ಮೈಕಟ್ಟು ಎಲ್ಲ ಆಮೇಲಿನ ಮಾತು.

ಕಥೆ ಹೇಳುವವರು ಯಾರು ನೋಡಿ. ಹಳೆಯದರಲ್ಲಿ ‘ಮೈ ಸಮಯ್ ಹೂಂ’, ಅಂದರೆ ‘ನಾನು ಕಾಲ’, ಅಂತ ಒಂದು ದನಿ ಬರುತ್ತದೆ. ಹರೀಶ್ ಭೀಮಾನಿ ಅವರ ದನಿ. ಮುಖ ಇಲ್ಲ, ಆಕಾಶದಲ್ಲಿ ತಿರುಗುವ ಚಕ್ರ ಅಷ್ಟೆ. ಕಾಲವೇ ಕಥೆ ಹೇಳುತ್ತದೆ. ಕಾಲಕ್ಕೆ ಪಾಂಡವರೂ ಒಂದೇ, ಕೌರವರೂ ಒಂದೇ. ಅದು ಎಲ್ಲವನ್ನೂ ನೋಡಿದೆ, ಯಾರನ್ನೂ ತಡೆಯಲಿಲ್ಲ. ಆ ದನಿಯಲ್ಲಿ ಒಂದು ದಣಿವು ಇದೆ. ಸಂಭಾಷಣೆ ಬರೆದ ರಾಹಿ ಮಾಸೂಮ್ ರಜಾ ಕಾದಂಬರಿಕಾರರು, ಕಾಲ ಅಂದರೆ ಏನು ಅಂತ ಗೊತ್ತಿದ್ದವರು.

ಹೊಸದರಲ್ಲಿ ಆ ಜಾಗಕ್ಕೆ ಕೃಷ್ಣ ಬಂದಿದ್ದಾನೆ. ಸೌರಭ್ ರಾಜ್ ಜೈನ್ ಮಾಡಿದ ಕೃಷ್ಣ ಕಥೆಯನ್ನು ನಿಲ್ಲಿಸಿ, ನೇರವಾಗಿ ನಮ್ಮ ಕಡೆ ತಿರುಗಿ ಮಾತಾಡುತ್ತಾನೆ. ಆಸೆ ಅಂದರೆ ಏನು, ಪ್ರತಿಜ್ಞೆ ಅಂದರೆ ಏನು, ತಂದೆ ತಾಯಿ ಮಕ್ಕಳಿಗೆ ಏನು ಕೊಡಬೇಕು ಅಂತ ಬಿಡಿಸಿ ಹೇಳುತ್ತಾನೆ. ನಗುನಗುತ್ತಾ, ಚೆನ್ನಾಗೇ ಹೇಳುತ್ತಾನೆ. ನನಗೆ ಗೊತ್ತಿರುವ ಎಷ್ಟೋ ಹುಡುಗರು ಫೋನಿನಲ್ಲಿ ಬರೀ ಆ ತುಣುಕುಗಳನ್ನೇ ಇಟ್ಟುಕೊಂಡು ನೋಡುತ್ತಾರೆ. ನಿಮಗೆ ಐದು ನಿಮಿಷ ಕೂರಲಾಗದೆ ಇರುವುದಕ್ಕೆ ಬಹುಶಃ ಇದೇ ಕಾರಣ. ನಿಮಗೆ ಗೊತ್ತಿರುವುದನ್ನೇ ಯಾರೋ ಮತ್ತೆ ಪಾಠ ಮಾಡಿದ ಹಾಗೆ ಆಗುತ್ತದೆ, ಅಲ್ವಾ? ಆದರೆ ಹನ್ನೆರಡು ವರ್ಷದ ಹುಡುಗಿಗೆ ಭೀಷ್ಮ ಯಾಕೆ ಮದುವೆ ಆಗಲಿಲ್ಲ, ಆಗದೆ ಇದ್ದದ್ದರಿಂದ ಯಾರ ಯಾರ ಬಾಳು ಹಾಳಾಯಿತು ಅಂತ ಯಾರಾದರೂ ಹೇಳಲೇಬೇಕಿತ್ತು.

ಇದಕ್ಕೆ ಒಂದು ಬೆಲೆಯೂ ಇದೆ. ಕೃಷ್ಣ ನಿರೂಪಕನಾದ ತಕ್ಷಣ ಉತ್ತರ ಮೊದಲೇ ಸಿಕ್ಕಿಬಿಡುತ್ತದೆ. ಯಾರು ಸರಿ, ಯಾರು ತಪ್ಪು ಅಂತ ನಾವೇ ಒದ್ದಾಡುವ ಕೆಲಸ ಉಳಿಯುವುದಿಲ್ಲ. ಹಳೆಯದರಲ್ಲಿ ಭಾನುವಾರ ನೋಡಿ ಮುಂದಿನ ಭಾನುವಾರದವರೆಗೆ ಏಳು ದಿನ ಕಟ್ಟೆ ಮೇಲೆ ಅದೇ ಜಗಳ. ಕರ್ಣ ಮಾಡಿದ್ದು ಸರಿಯಾ? ಧರ್ಮರಾಯನಿಗೆ ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಕೊಟ್ಟವರು ಯಾರು? ನಮ್ಮ ಪಕ್ಕದ ಮನೆಯ ದಂಪತಿ ಇದೇ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಇನ್ನೊಂದು ಮುಖ್ಯ ವಿಷಯ, ಎಲ್ಲಿಂದ ಶುರು ಮಾಡುತ್ತಾರೆ ಅನ್ನುವುದು. ರೀಮೇಕ್‌ಗಳನ್ನು ಹೋಲಿಸುವಾಗ ನಾನು ಯಾವಾಗಲೂ ಮೊದಲ ಕಂತು ನೋಡುತ್ತೇನೆ. ಮಾಡುವವರಿಗೆ ಈ ಕಥೆಯಲ್ಲಿ ಏನು ಬೇಕಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಚೋಪ್ರಾ ಶುರು ಮಾಡಿದ್ದು ಭರತ ಮಹಾರಾಜನಿಂದ. ಪಾಂಡವರಿಲ್ಲ, ಕೌರವರಿಲ್ಲ, ಭೀಷ್ಮನೂ ಇನ್ನೂ ಹುಟ್ಟಿಲ್ಲ. ಭರತ ತನ್ನ ಮಕ್ಕಳಲ್ಲಿ ಯಾರಿಗೂ ಯೋಗ್ಯತೆ ಇಲ್ಲ ಅಂತ ಹೇಳಿ ಹೊರಗಿನವನಾದ ಭುಮನ್ಯುವನ್ನು ಯುವರಾಜ ಮಾಡುತ್ತಾನೆ. ಸಿಂಹಾಸನ ಹುಟ್ಟಿನಿಂದ ಬರಬೇಕೋ, ಯೋಗ್ಯತೆಯಿಂದ ಬರಬೇಕೋ? ಮುಂದಿನ 93 ಕಂತೂ ಈ ಒಂದೇ ಪ್ರಶ್ನೆಯ ಮೇಲೆ ನಿಂತಿವೆ. ಭರತ ಕಟ್ಟಿದ ನಿಯಮವನ್ನು ಶಂತನು ಮುರಿಯುತ್ತಾನೆ, ಧೃತರಾಷ್ಟ್ರ ಪೂರ್ತಿ ನುಚ್ಚುನೂರು ಮಾಡುತ್ತಾನೆ. 1988ರ ದೆಹಲಿಯಲ್ಲಿ ಕೂತು ಸರ್ಕಾರಿ ಟೀವಿಯಲ್ಲಿ ಈ ಮಾತು ಕೇಳಿದವರಿಗೆ ಹೇಗೆ ಕೇಳಿಸಿತೋ ಏನೋ, ನನಗಂತೂ ಇವತ್ತಿಗೂ ಅದು ಧೈರ್ಯದ ಆರಂಭ ಅನಿಸುತ್ತದೆ.

ಹೊಸದು ಶುರುವಾಗುವುದು ಶಂತನು ಸತ್ಯವತಿಗೆ ಮನಸೋಲುವಲ್ಲಿಂದ. ಅಪ್ಪನ ಆಸೆ, ಮಗನ ಪ್ರತಿಜ್ಞೆ. ಅಂದರೆ ಇದು ಮನೆಯ ಕಥೆ. ರಾಜ್ಯದ ಪ್ರಶ್ನೆ ಹಿಂದೆ ಸರಿದು ಸಂಸಾರದ ಪ್ರಶ್ನೆ ಮುಂದೆ ಬಂತು. ದಿನದ ಧಾರಾವಾಹಿಗೆ ಅದೇ ಸರಿ, ರಾತ್ರಿ ಎಂಟೂವರೆಗೆ ಟೀವಿ ಮುಂದೆ ಕೂರುವವರು ಸಂಸಾರಸ್ಥರೇ.

ಇವೆರಡರ ಮಧ್ಯೆ ಇನ್ನೊಂದು ಬಂದಿತ್ತು, ನಿಮಗೆ ನೆನಪಿರಲಿಕ್ಕಿಲ್ಲ. 2008ರಲ್ಲಿ ಏಕ್ತಾ ಕಪೂರ್ ‘ಕಹಾನಿ ಹಮಾರೇ ಮಹಾಭಾರತ್ ಕೀ’ ಅಂತ ಮಾಡಿದರು, 9ಎಕ್ಸ್ ಚಾನೆಲ್‌ನಲ್ಲಿ. ಅದು ಸೀದಾ ವಸ್ತ್ರಾಪಹರಣದಿಂದಲೇ ಶುರು! ಮೊದಲ ದಿನವೇ ಕಥೆಯ ಕುತ್ತಿಗೆಗೆ ಕೈ ಹಾಕಿದ ಹಾಗೆ. ಆ ಸಭೆಯಲ್ಲಿ ತಲೆ ತಗ್ಗಿಸಿ ಕೂತ ಮುದುಕ ಯಾರು ಅಂತ ಗೊತ್ತಿಲ್ಲದೆ ಅವನು ತಲೆ ತಗ್ಗಿಸಿದ್ದಕ್ಕೆ ನಮಗೆ ಯಾಕೆ ನೋವಾಗಬೇಕು? ಕೆಲವೇ ತಿಂಗಳಲ್ಲಿ, ಕಥೆ ಮುಗಿಯದೆ ನಿಂತು ಹೋಯಿತು.

ಆ ಸಭೆಯ ವಿಷಯವನ್ನೇ ತೆಗೆದುಕೊಳ್ಳೋಣ. ಎರಡನ್ನೂ ಹೋಲಿಸಲು ನಾನು ಒಂದು ಆಟ ಆಡುತ್ತೇನೆ, ನೀವೂ ಮಾಡಿ ನೋಡಿ. ಹಳೆಯ ದ್ಯೂತಸಭೆಯನ್ನು ಹಾಕಿ ಕಣ್ಣು ಮುಚ್ಚಿಕೊಳ್ಳಿ. ಬರೀ ಕೇಳಿ. ಹಿಂದಿ ಸ್ವಲ್ಪ ಬಂದರೆ ಸಾಕು, ಯಾರು ಎಲ್ಲಿ ಕೂತಿದ್ದಾರೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಲ್ಲ ಗೊತ್ತಾಗುತ್ತದೆ. ರೂಪಾ ಗಂಗೂಲಿಯ ದ್ರೌಪದಿ ಒಬ್ಬೊಬ್ಬ ಹಿರಿಯನನ್ನೂ ಹೆಸರಿಟ್ಟು ಕರೆದು ಕೇಳುತ್ತಾಳೆ. ಯುಧಿಷ್ಠಿರ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಇಡುವ ಹಕ್ಕು ಎಲ್ಲಿಂದ ಬಂತು? ಉತ್ತರ ಬರುವುದಿಲ್ಲ. ಕಣ್ಣು ಮುಚ್ಚಿದ್ದರೂ ಆ ಉತ್ತರ ಬಾರದೆ ಇರುವುದು ಕೇಳಿಸುತ್ತದೆ. ಅದು ವಕೀಲರ ವಾದದ ಥರದ ದೃಶ್ಯ. ಮಾತೇ ಅದರ ಕತ್ತಿ.

ಈಗ ಹೊಸದನ್ನು ಹಾಕಿ, ಸೌಂಡ್ ಪೂರ್ತಿ ತೆಗೆದುಬಿಡಿ. ಬರೀ ನೋಡಿ. ಇಲ್ಲೂ ಎಲ್ಲ ಗೊತ್ತಾಗುತ್ತದೆ! ಪೂಜಾ ಶರ್ಮಾಳ ದ್ರೌಪದಿಯ ಕಣ್ಣು, ಬಿಚ್ಚಿದ ಕೂದಲು, ಒಬ್ಬೊಬ್ಬರ ಮುಖ, ಸಭೆಯ ಬಣ್ಣ. ಮಾತೇ ಬೇಕಾಗಿಲ್ಲ. ಅವಳ ಸಿಟ್ಟು ಮುಖದಲ್ಲೇ ಇದೆ, ಬೇಡಿಕೊಳ್ಳುವ ಹೆಣ್ಣಿನ ಥರ ಅವಳು ನಿಂತಿಲ್ಲ.

ಹಳೆಯದು ಕಿವಿಯದು, ಹೊಸದು ಕಣ್ಣಿನದು. ಕಿವಿಯದನ್ನು ಕಣ್ಣಿನಿಂದ ನೋಡಿದರೆ ನಿಧಾನ ಅನಿಸುತ್ತದೆ. ಕಣ್ಣಿನದನ್ನು ಕಿವಿಯಿಂದ ಕೇಳಿದರೆ ಗಲಾಟೆ ಅನಿಸುತ್ತದೆ. ಎರಡೂ ದೂರು ಅಲ್ಲಿಗೆ ಸರಿ ಹೋಯಿತು ನೋಡಿ.

ಹಿಂದಿ ಬರದ ನಾವು ಕಿವಿಯ ಧಾರಾವಾಹಿಯನ್ನು ಹೇಗೆ ನೋಡಿದೆವು ಅಂದರೆ, ಅಜ್ಜಿಯ ದನಿಯಲ್ಲಿ ಕೇಳಿದೆವು. ಹಾಗಾಗಿ ನಿಮ್ಮ ತಲೆಯಲ್ಲಿರುವ ‘ಹಳೆಯ ಮಹಾಭಾರತ’ ಮುಂಬೈಯಲ್ಲಿ ಮಾಡಿದ್ದು ಮಾತ್ರ ಅಲ್ಲ. ಅದರ ಅರ್ಧ ನಿಮ್ಮ ಊರಿನ ನಡುಮನೆಯಲ್ಲಿ ಆಗಿದ್ದು. ಮಗಳಿಗೆ ನೀವು ತೋರಿಸಿದ್ದು ಉಳಿದ ಅರ್ಧ.

ಹಳೆಯದೇ ಅಸಲಿ, ಹೊಸದು ನಕಲಿ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ದುರ್ಯೋಧನ ನೀರಿಗೆ ಬಿದ್ದಾಗ ದ್ರೌಪದಿ ನಕ್ಕು ‘ಕುರುಡನ ಮಗ ಕುರುಡ’ ಅನ್ನುವುದು ನಮಗೆಲ್ಲ ನೆನಪಿದೆ. ಚೋಪ್ರಾ ಮಹಾಭಾರತದಲ್ಲಿ ಅದು ಇದೆ. ವ್ಯಾಸರ ಸಭಾಪರ್ವದಲ್ಲಿ ದ್ರೌಪದಿ ಆ ಮಾತು ಹೇಳುವುದಿಲ್ಲ. ಮಾತಿನ ರೂಢಿಯಲ್ಲಿ ಸೇರಿಕೊಂಡದ್ದು ಧಾರಾವಾಹಿಗೂ ಬಂತು. ಪಾಪ, ಆ ಒಂದು ಮಾತಿನಿಂದ ಯುದ್ಧದ ಅರ್ಧ ತಪ್ಪು ಅವಳ ತಲೆಗೇ ಬಂದಿದೆ. ಇನ್ನು ನಮ್ಮ ಪಂಪ ಸಾವಿರ ವರ್ಷದ ಹಿಂದೆಯೇ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿಬಿಟ್ಟ. ರೀಮೇಕ್ ನಮಗೇನು ಹೊಸದಲ್ಲ.

ಹೊಸದು ಗೆದ್ದಿರುವ ಜಾಗಗಳನ್ನು ಹೇಳದಿದ್ದರೆ ಮಗಳಿಗೆ ಮೋಸ ಮಾಡಿದ ಹಾಗೆ. ದ್ರೌಪದಿಯನ್ನೇ ನೋಡಿ. ಹಳೆಯದರಲ್ಲಿ ಅವಳು ದೊಡ್ಡದಾಗಿ ಬೆಳೆಯುವುದು ಸಭೆಯಿಂದ. ಹೊಸದರಲ್ಲಿ ಬೆಂಕಿಯಿಂದ ಎದ್ದು ಬಂದ ದಿನದಿಂದಲೇ ಅವಳಿಗೆ ಒಂದು ಬಾಳಿದೆ. ಪ್ರೀತಿಸದ ಅಪ್ಪ, ಗೆಳೆಯನಾಗಿ ಬರುವ ಕೃಷ್ಣ. ಆ ಗೆಳೆತನವನ್ನು ಮೊದಲೇ ಕಟ್ಟಿರುವುದರಿಂದ ಸಭೆಯಲ್ಲಿ ಅವಳು ಕೃಷ್ಣನನ್ನು ಕರೆದಾಗ ದೇವರನ್ನು ಕರೆದ ಹಾಗೆ ಇರುವುದಿಲ್ಲ, ಗೆಳೆಯನನ್ನು ಕರೆದ ಹಾಗೆ ಇರುತ್ತದೆ. ಇದು ಒಳ್ಳೆಯ ಬರವಣಿಗೆ. ಬಟ್ಟೆಬರೆ ಭಾನು ಅಥೈಯಾ ಅವರದು, ‘ಗಾಂಧಿ’ ಸಿನಿಮಾಕ್ಕೆ ಆಸ್ಕರ್ ಪಡೆದವರು. ಹಳೆಯದರ ಮಿಂಚುವ ಕಿರೀಟಗಳನ್ನು ಇದರ ಪಕ್ಕ ಇಟ್ಟರೆ, ನಿಜ ಹೇಳಬೇಕೆಂದರೆ, ನಮ್ಮ ನಾಟಕದ ಬಾಡಿಗೆ ಅಂಗಡಿಯೇ ನೆನಪಾಗುತ್ತದೆ.

ಶಕುನಿ ವಿಷಯದಲ್ಲಿ ಮಾತ್ರ ನಾನು ಹಳಬ. ಹೊಸ ಶಕುನಿ ಪ್ರನೀತ್ ಭಟ್ ಕೆಟ್ಟದಾಗಿ ಮಾಡಿಲ್ಲ, ಮಕ್ಕಳಿಗೆ ಅವನೆಂದರೆ ಇಷ್ಟ. ಆದರೆ ಅವನು ಬಂದ ಕೂಡಲೇ ‘ನಾನು ಕೆಟ್ಟವನು’ ಅಂತ ಇಡೀ ಮೈ ಹೇಳುತ್ತದೆ. ಗೂಫಿ ಪೇಂಟಲ್ ಹಾಗಲ್ಲ. ಕುಂಟುತ್ತಾ ಬಂದು, ದಾಳವನ್ನು ಎರಡು ಅಂಗೈ ನಡುವೆ ತಿಕ್ಕುತ್ತಾ, ಅಕ್ಕನ ಮಗನನ್ನು ‘ಭಾಂಜೇ’ (ಅಳಿಯಾ) ಅಂತ ಅಕ್ಕರೆಯಿಂದ ಕರೆಯುತ್ತಾರೆ. ಆ ಅಕ್ಕರೆ ನಿಜವಾದದ್ದೇ ಅನಿಸುತ್ತದೆ, ಭಯ ಇರುವುದು ಅಲ್ಲಿ. ಇಂಥ ಮಾವಂದಿರು ಎಲ್ಲ ಊರಲ್ಲೂ ಒಬ್ಬರಿದ್ದಾರೆ. ಆ ಧಾರಾವಾಹಿಗೆ ಪಾತ್ರಧಾರಿಗಳನ್ನು ಹುಡುಕಿದ್ದೂ ಅವರೇ.

ಮೈಕಟ್ಟಿನ ಬಗ್ಗೆ ಒಂದು ಮಾತು. ಹಳೆಯ ಭೀಮ ಪ್ರವೀಣ್ ಕುಮಾರ್ ನಿಜವಾದ ಕ್ರೀಡಾಪಟು, ಏಷ್ಯನ್ ಕ್ರೀಡಾಕೂಟದಲ್ಲಿ 1966 ಮತ್ತು 1970ರಲ್ಲಿ ಡಿಸ್ಕಸ್ ಎಸೆತಕ್ಕೆ ಚಿನ್ನ ಗೆದ್ದವರು. ಮಾತು ಸ್ವಲ್ಪ ತೊಡಕು, ನಟನೆ ಅಷ್ಟಕ್ಕಷ್ಟೆ. ಆದರೆ ಆ ದೇಹ ಗರಡಿ ಮನೆಯದು, ಊಟ ಮಾಡುವ ದೇಹ. ಹೊಸ ಭೀಮ ಸೌರವ್ ಗುರ್ಜರ್ ಆಮೇಲೆ ಕುಸ್ತಿ ಆಡಲು ಡಬ್ಲ್ಯೂಡಬ್ಲ್ಯೂಇಗೆ ಹೋದ, ಅವನನ್ನೂ ಕಡಿಮೆ ಅನ್ನುವ ಹಾಗಿಲ್ಲ. ಉಳಿದವರ ಹೊಟ್ಟೆ ಮೇಲಿನ ಪದರಗಳನ್ನು ನೋಡಿದರೆ ಮಾತ್ರ ಹನ್ನೆರಡು ವರ್ಷ ಕಾಡಲ್ಲಿ ಇದ್ದರೋ, ಜಿಮ್‌ನಲ್ಲಿ ಇದ್ದರೋ ಅನಿಸುತ್ತದೆ. ಅಂದ ಹಾಗೆ, ಹಳೆಯ ದುರ್ಯೋಧನ ಪುನೀತ್ ಇಸ್ಸರ್ ಗೊತ್ತಲ್ಲ? 1982ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಶೂಟಿಂಗ್ ನಡೆಯುವಾಗ ಅಮಿತಾಭ್ ಬಚ್ಚನ್ ಹೊಟ್ಟೆಗೆ ಏಟು ಬಿದ್ದಿತಲ್ಲ, ಆ ಫೈಟ್‌ನಲ್ಲಿ ಎದುರಿಗಿದ್ದವರು ಇವರೇ. ಗದೆ ಹಿಡಿಯುವ ಆರು ವರ್ಷ ಮೊದಲೇ ದೇಶದ ಬೈಗುಳ ತಿಂದಿದ್ದರು.

ಯುದ್ಧದ ಬಗ್ಗೆ ಹೇಳುವುದು ಕಡಿಮೆ. ಹಳೆಯದರಲ್ಲಿ ಆಕಾಶದಲ್ಲಿ ಎರಡು ಬಾಣ ಎದುರುಬದುರು ಬಂದು ಡಿಕ್ಕಿ ಹೊಡೆದು ಮಾಯವಾಗುವುದನ್ನು ನೋಡಿ ಮಗಳು ನಗುತ್ತಾಳೆ, ನಗಲಿ. ಅದು ಆಗಲೂ ಸ್ವಲ್ಪ ತಮಾಷೆಯಾಗೇ ಇತ್ತು, ನಾವೇ ಒಪ್ಪಿಕೊಂಡಿರಲಿಲ್ಲ. ಆದರೆ ರಾಜಸ್ಥಾನದ ಬಯಲಿನಲ್ಲಿ ಶೂಟ್ ಮಾಡಿದ ರಥಗಳ ಹಿಂದೆ ಏಳುವ ಧೂಳು ನಿಜವಾದ ಧೂಳು. ಗುಜರಾತಿನ ಉಮರ್‌ಗಾಂವ್‌ನ ಸೆಟ್ಟಿನಲ್ಲಿ ತೆಗೆದು ಕಂಪ್ಯೂಟರ್‌ನಲ್ಲಿ ತುಂಬಿಸಿದ ಹೊಸ ಕುರುಕ್ಷೇತ್ರದಲ್ಲಿ ಸೈನ್ಯ ದೊಡ್ಡದಿದೆ, ಧೂಳು ಯಾರ ಮೂಗಿಗೂ ಹೋಗುವುದಿಲ್ಲ. ತಮಾಷೆ ಅಂದರೆ, 1987ರ ರಮಾನಂದ ಸಾಗರ್ ಅವರ ರಾಮಾಯಣ ಶೂಟ್ ಆಗಿದ್ದೂ ಅದೇ ಉಮರ್‌ಗಾಂವ್‌ನಲ್ಲಿ. ನಿಜವಾದ ಜಾಗದ ಬಲ ಏನು ಅಂತ ನಮ್ಮವರಿಗೆ ಬೇರೆ ಹೇಳಬೇಕಾ? ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ಗೆ ಆಗುಂಬೆಯ ಬೀದಿಯನ್ನೇ ಊರು ಮಾಡಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಅದೇ ಹೆಸರಿನ ಹೊಸ ಕಂತುಗಳು ಬಂದವು. ಮಾಲ್ಗುಡಿ ಅಂದರೆ ಈಗಲೂ ಜನರ ಕಣ್ಣ ಮುಂದೆ ಬರುವುದು ಆ ಹಳೆಯ ಜಗಲಿ, ಆ ಮಳೆ ನಿಂತ ಬೀದಿ.

ಡಬ್ಬಿಂಗ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಶೂಟಿಂಗ್ ನಿಂತು ಹೊಸ ಕಂತು ಇಲ್ಲದೆ ಚಾನೆಲ್‌ಗಳು ಕೂತಿದ್ದಾಗ ಕನ್ನಡಕ್ಕೆ ಡಬ್ ಆದ ಪುರಾಣದ ಧಾರಾವಾಹಿಗಳು ಬಂದವು. ನಮ್ಮ ಉದ್ಯಮದಲ್ಲಿ ಅದರ ಬಗ್ಗೆ ದೊಡ್ಡ ಜಗಳ ಇತ್ತು, ನಾನೂ ವಿರೋಧಿಸಿದವನೇ. ಆಮೇಲೆ ಒಂದು ದಿನ ನಮ್ಮ ಬೀದಿಯಲ್ಲಿ ಏಳೆಂಟು ವರ್ಷದ ಹುಡುಗರು ಕೋಲು ಹಿಡಿದು ‘ಪಿತಾಮಹ, ನನ್ನ ಬಾಣವನ್ನು ಸ್ವೀಕರಿಸಿ’ ಅಂತ ಅಚ್ಚ ಕನ್ನಡದಲ್ಲಿ ಕಿರುಚುವುದನ್ನು ಕೇಳಿದೆ. ನಾವು ಆ ವಯಸ್ಸಿನಲ್ಲಿ ‘ಆಕ್ರಮಣ್!’ ಅಂತ ಅರ್ಥ ಗೊತ್ತಿಲ್ಲದೆ ಕಿರುಚುತ್ತಿದ್ದೆವು. ನಾನು ಸುಮ್ನೆ ಒಳಗೆ ಹೋದೆ.

ಇನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆ. ಮೊದಲ ಕಂತಿನಿಂದ ಬೇಡ. ಭರತ, ಶಂತನು ಅಂತ ಹೋದರೆ ಅವಳು ಮತ್ತೆ ಎದ್ದು ಹೋಗುತ್ತಾಳೆ. ಯುದ್ಧದಿಂದಲೂ ಬೇಡ, ಬಾಣ ನೋಡಿ ನಗು ಶುರುವಾದರೆ ಮುಗಿಯಿತು. ಜೂಜಿನ ಸಭೆಯಿಂದ ಶುರು ಮಾಡಿ. ಕಥೆ ಅವಳಿಗೆ ಗೊತ್ತು. ಆ ದೃಶ್ಯದಲ್ಲಿ ಬೆಟ್ಟ, ಬಾಣ, ಗ್ರಾಫಿಕ್ಸ್ ಏನೂ ಜಾಸ್ತಿ ಇಲ್ಲ, ಒಂದು ಕೋಣೆ, ಕೆಲವರು ಕೂತಿದ್ದಾರೆ, ಒಬ್ಬಳು ನಿಂತು ಪ್ರಶ್ನೆ ಕೇಳುತ್ತಿದ್ದಾಳೆ. ಹಳೆಯದು ಗಟ್ಟಿಯಾಗಿರುವುದೇ ಅಲ್ಲಿ. ಅವಳು ಒಪ್ಪಿದರೆ ಅದಾದ ಮೇಲೆ ಕೃಷ್ಣ ಸಂಧಾನ ತೋರಿಸಿ. ನಿತೀಶ್ ಭಾರದ್ವಾಜ್ ಆಗ ಇಪ್ಪತ್ತೈದು ದಾಟಿದ ಹುಡುಗ, ಓದಿದ್ದು ಪಶುವೈದ್ಯ. ಅವಳ ಸೌರಭ್ ಜೈನ್ ಎದುರು ಈ ಕೃಷ್ಣನನ್ನು ಇಟ್ಟು ನೋಡಲಿ. ಅವಳಿಗೆ ಅವಳ ಕೃಷ್ಣನೇ ಇಷ್ಟ ಆಗಬಹುದು, ಅದಕ್ಕೆ ಸಿದ್ಧರಾಗಿರಿ.

ಒಂದೇ ಷರತ್ತು. ‘ಈಗ ನೋಡು, ಈಗ ಬರುತ್ತೆ ನೋಡು, ಹೆಂಗಿದೆ?’ ಅಂತ ಪಕ್ಕದಲ್ಲಿ ಕೂತು ಮಾರಾಟ ಮಾಡಬೇಡಿ. ಮಕ್ಕಳಿಗೆ ಅದರಷ್ಟು ಬೇಜಾರು ಇನ್ನೊಂದಿಲ್ಲ. ರಿಮೋಟ್ ನಿಮ್ಮ ಕೈಯಲ್ಲಿರಲಿ. ವಿಕರ್ಣ ಎದ್ದು ನಿಂತಾಗ ಒಂದು ಸಲ ನಿಲ್ಲಿಸಿ, ‘ಇವನೂ ಆ ನೂರು ಜನರಲ್ಲಿ ಒಬ್ಬ, ಆದ್ರೆ ಇವತ್ತು ಇಲ್ಲಿ ಮಾತಾಡೋ ಧೈರ್ಯ ಮಾಡ್ತಾ ಇರೋನು ಇವನೇ’ ಅಂತ ಕನ್ನಡದಲ್ಲಿ ಹೇಳಿ, ಮತ್ತೆ ಹಾಕಿ. ನಿಮ್ಮ ಊರಿನ ಆ ನಡುಮನೆಯಲ್ಲಿ ಗೋಡೆಗೆ ಒರಗಿ ಯಾರೋ ಒಬ್ಬರು ಹೀಗೆ ಹೇಳುತ್ತಾ ಇದ್ದಿರಬೇಕಲ್ಲ? ಅವರು ಕೂತಿದ್ದ ಜಾಗದಲ್ಲಿ ಈಗ ನೀವು ಕೂರಿ.